ಹಾವುರಾಣಿ ನಾಲಿಗೆ ವಿಚಾರವಾಗಿ ಗೆಳೆಯನಿಗೊಂದು ಪತ್ರ

ಲೋ ಮಗಾ,

ಹಾವುರಾಣಿ ನಾಲಿಗೆ ಚಾಚಿದ್ರೆ ವಿಷ ಕಕ್ಕುತ್ತೆ ಅಂತ ನಿಮ್ಮ ಮನೇಲಿ ಕಂಡಕಂಡಲ್ಲೆಲ್ಲ ಹೊಡೀತಾರೆ ಅಂದ್ಯಲ್ಲ, ಕೇಳಿದಾಗ್ಲಿಂದ ಸಂಕಟ ಕಣೋ. ಅದು ಹಾವಲ್ಲ, ಹಲ್ಲಿ ಜಾತಿ, ಅದಕ್ಕೆ ವಿಷಾನೇ ಇಲ್ಲ. ನಾಲಿಗೆ ಚಾಚೋದು ವಾಸನೆ ಹಿಡಿಯೋಕೆ.

ಮೂಡಿಗೆರೆ ಕಡೆ ಯಾವ ತೋಟದಲ್ಲಾದ್ರೂ ಸರಿ, ಕಾಫಿ ಗಿಡದ ಬುಡದಲ್ಲಿ ತರಗೆಲೆ ಮೇಲೆ ಬಿಸಿಲು ಬಿದ್ದಾಗ ಸುಮ್ನೆ ಕೂತು ನೋಡು. ಸರಕ್ ಅಂತ ಸ್ವಲ್ಪ ಓಡುತ್ತೆ, ನಿಲ್ಲುತ್ತೆ, ತಲೆ ತಗ್ಗಿಸಿ ನಾಲಿಗೆ ತುದೀನ ಎಲೆಗೆ ತಾಗಿಸಿ ಒಳಗೆ ಎಳ್ಕೊಳ್ಳುತ್ತೆ, ಮತ್ತೆ ಓಡುತ್ತೆ. ಆ ತುದೀಲಿ ಅಂಟ್ಕೊಂಡು ಬಂದಿದ್ದು ಅಂಗುಳಿನ ಮೇಲಿರೋ ಒಂದು ಪುಟ್ಟ ಅಂಗಕ್ಕೆ ಹೋಗುತ್ತೆ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ 1813ರಲ್ಲಿ ಅದರ ಬಗ್ಗೆ ಬರೆದಿದ್ದಕ್ಕೆ ಜೇಕಬ್ಸನ್ ಅಂಗ ಅಂತಾನೇ ಹೆಸರು. ಮೂಗು ಬೇರೆ ಇದ್ದೇ ಇದೆ.

ತನ್ನನ್ನ ಹಿಡಿಯೋಕೆ ಬರೋ ಹಾವಿಂದ ತಪ್ಪಿಸ್ಕೊಳ್ಳೋಕೂ ಇದೇ ವಾಸನೆ ಬೇಕು. ಕಣ್ಣಿಗೆ ಈಗ ಎದುರಿಗಿರೋದು ಮಾತ್ರ ಕಾಣುತ್ತೆ, ವಾಸನೆ ಹಂಗಲ್ಲ, ಹಾವು ಹೋದ್ಮೇಲೂ ಕಲ್ಲಿಗೆ ಮಣ್ಣಿಗೆ ಮೆತ್ಕೊಂಡಿರುತ್ತೆ, ಅದ್ರಿಂದ ಈ ಸಂದೀಲಿ ಹಾವು ಓಡಾಡ್ತಿದೆ ಅನ್ನೋದು ಹಾವನ್ನ ನೋಡದೇನೇ ಗೊತ್ತಾಗಿಬಿಡುತ್ತೆ, ಎಂಥಾ ಚೆಂದ ಅಲ್ವಾ! 1986ರಲ್ಲಿ ಯುರೋಪಿನ ಒಂದು ಜಾತಿ ಹಲ್ಲಿ ಮೇಲೆ ಇದನ್ನೇ ಟೆಸ್ಟ್ ಮಾಡಿದ್ರು. ಹಾವಿದ್ದ ಪೆಟ್ಟಿಗೆ, ಹಾವಿಲ್ಲ, ವಾಸನೆ ಮಾತ್ರ ಇದೆ. ಹಲ್ಲಿ ಬಿಟ್ಟಿದ್ದೇ ತಡ ನಾಲಿಗೆ ಹಾಕೋದು ಜಾಸ್ತಿ ಆಯ್ತು, ನಡಿಗೆ ನಿಧಾನ ಆಗಿ ಬೆಚ್ಚಿಬೆಚ್ಚಿ ಹೆಜ್ಜೆ ಇಡೋಕೆ ಶುರು ಮಾಡ್ತು. ಅಮೆರಿಕದ ಮರುಭೂಮೀಲಿ ಇರೋ ಪಟ್ಟೆ ಹಲ್ಲಿ ಇನ್ನೂ ಒಂದ್ ಹೆಜ್ಜೆ ಮುಂದೆ, ಹಾವಿನ ವಾಸನೆ ಸಿಕ್ಕಿದ್ ತಕ್ಷಣ ಬಾಲ ಎತ್ತಿ ಆಡಿಸುತ್ತೆ. ಹಾವು ಬಾಲಕ್ಕೇ ಬಾಯಿ ಹಾಕಿದ್ರೆ ಬಾಲ ಕಳಚಿಬಿಟ್ಟು ತಲೆ ಉಳಿಸ್ಕೊಳ್ಳುತ್ತೆ. ಆಮೇಲೆ ಹುಟ್ಟೋ ಬಾಲದಲ್ಲಿ ಮೂಳೆ ಇರಲ್ಲ, ಬರೀ ಮೃದ್ವಸ್ಥಿ, ಅಂದ್ರೆ ನಮ್ಮ ಕಿವೀಲಿರೋ ಥರ ಬಳುಕೋದು.

ಎಲ್ಲಾ ಹಲ್ಲಿಗಳೂ ಒಂದೇ ಥರ ಅಲ್ಲ ಮತ್ತೆ. ನಿಮ್ಮ ಬೇಲಿ ಮೇಲೆ ಕೂರೋ ಓತಿಕ್ಯಾತ ಹೆಚ್ಚಾಗಿ ಕಣ್ಣನ್ನೇ ನಂಬೋದು. ಉಡದ ನಾಲಿಗೆ ಹಾವಿನ ಥರಾನೇ ಸೀಳಿರುತ್ತೆ, ವಾಸನೆ ಎಡಕ್ಕೋ ಬಲಕ್ಕೋ ಅಂತ ಪತ್ತೆ ಹಚ್ಚೋಕೆ ಅನುಕೂಲ.

ಇಷ್ಟೆಲ್ಲಾ ಹುಷಾರಾಗಿರೋಕೆ ಹಾವುರಾಣಿಗೆ ಖರ್ಚೂ ಇದೆ ಕಣೋ. ಹೆದರ್ಕೊಂಡು ನಿಂತಷ್ಟು ಹೊತ್ತು ಹುಳ ಹಿಡಿಯಂಗಿಲ್ಲ, ಬಿಸಿಲು ಕಾಯಿಸಂಗಿಲ್ಲ. ಹಾವಿನ ಕಾಟಾನೇ ಸಾಕಾಗಿದೆ ಅದಕ್ಕೆ, ಮೇಲೆ ನಿಮ್ಮ ದೊಣ್ಣೆ ಬೇರೆ ಯಾಕೆ? ಭಾನುವಾರ ಬರ್ತೀನಿ, ನಿಮ್ಮ ಅಪ್ಪಾಜಿ ಹತ್ರ ನಾನೇ ಮಾತಾಡ್ತೀನಿ, ಅಲ್ಲೀವರ್ಗೂ ಯಾರಿಗೂ ಅದನ್ನ ಹೊಡಿಯೋಕೆ ಬಿಡಬೇಡ.