ಕನಗನಹಳ್ಳಿಯ ಗದ್ದಲದ ಭಾನುವಾರ

ಗದಗ,
ಸೋಮವಾರ ರಾತ್ರಿ

ಪ್ರಿಯ ಗೆಳೆಯ,

ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಬೌದ್ಧ ಸ್ತೂಪ ನೋಡಲು ಭಾನುವಾರ ಹೋಗಬೇಡ, ಜನಜಂಗುಳಿಯಲ್ಲಿ ಏನೂ ನೋಡಲಾಗುವುದಿಲ್ಲ ಎಂದು ನೀನು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದೆ. ಎಲ್ಲರಿಗೂ ಬಿಡುವು ಸಿಗುವುದು ಅದೊಂದೇ ದಿನವಾದ್ದರಿಂದ ನಿನ್ನ ಮಾತು ಮೀರಿ ಹೋಗಿಬಂದೆವು. ಜಂಗುಳಿಯ ಮಟ್ಟಿಗೆ ನೀನು ಹೇಳಿದ್ದು ಅಕ್ಷರಶಃ ನಿಜವಾಯಿತು. ನೋಡುವುದರ ಮಟ್ಟಿಗೆ ಮಾತ್ರ ನನ್ನದೊಂದು ತಕರಾರಿದೆ.

ನಮ್ಮ ಓಣಿಯ ಮೂರು ಮನೆಯವರು, ಮಕ್ಕಳೂ ಸೇರಿ ಹದಿನಾಲ್ಕು ಜನ, ಶನಿವಾರ ರಾತ್ರಿ ಬಾಡಿಗೆಯ ಟೆಂಪೊದಲ್ಲಿ ಹೊರಟು ಕುಷ್ಟಗಿ, ಲಿಂಗಸುಗೂರು, ಸುರಪುರ ದಾಟಿ ನಸುಕಿನಲ್ಲಿ ಶಹಾಪುರ ಮುಟ್ಟಿದೆವು. ಮಲಗಿದ ಬುದ್ಧನಂತೆ ಕಾಣುವ ಅಲ್ಲಿನ ಗುಡ್ಡದ ಸಾಲನ್ನು ಮಕ್ಕಳಿಗೆ ತೋರಿಸುವ ಸಡಗರದಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಚಹಾದಂಗಡಿಯ ಬೆಂಚಿನ ಮೇಲೆಯೇ ಮರೆತುಬಿಟ್ಟೆವು. ಮಧ್ಯಾಹ್ನದ ಊಟ ಬಾಳೆಹಣ್ಣು ಮತ್ತು ಚುರುಮುರಿಯಲ್ಲಿ ಮುಗಿಯಿತು ಎಂದರೆ ಉಳಿದದ್ದನ್ನು ನೀನೇ ಊಹಿಸಿಕೊಳ್ಳುವೆ.

ಸನ್ನತಿಯಲ್ಲಿ ಚಂದ್ರಲಾಂಬೆಯ ದರ್ಶನಕ್ಕೆ ನಿಂತವರ ಸಾಲು ಅಂಗಳವನ್ನೆಲ್ಲ ಸುತ್ತಿ ಹೊರಗೆ ಬಂದಿತ್ತು. ಮಹಾರಾಷ್ಟ್ರದ ಗಾಡಿಗಳೇ ಅರ್ಧಕ್ಕಿಂತ ಹೆಚ್ಚು. ಅದೇ ಆವರಣದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದು, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಬೆಳಕಿಗೆ ಬಂದಿತೆಂಬುದನ್ನು ನೀನು ಬಲ್ಲೆ. ಯಾವ ಕಾಲದಲ್ಲೋ ಮೂರ್ತಿಯನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಕೊರೆದವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಪೀಠವಾಗಿರದಿದ್ದರೆ ಆ ಕಲ್ಲು ಯಾರದೋ ಹೊಲದ ಬದುವಿಗೆ ಸೇರಿಹೋಗುತ್ತಿತ್ತು.

ಅಲ್ಲಿಂದ ಸ್ವಲ್ಪವೇ ದೂರ ಕನಗನಹಳ್ಳಿ. ನಾವು ಮುಟ್ಟುವಷ್ಟರಲ್ಲಿ ಎರಡು ಕಾಲೇಜು ಬಸ್ಸುಗಳು ಬಂದು ನಿಂತಿದ್ದವು, ಹಿಂದೆಯೇ ದೇವಿಯ ದರ್ಶನ ಮುಗಿಸಿದವರೂ ಬಂದರು. 1990ರ ದಶಕದ ಉತ್ಖನನದಲ್ಲಿ ಹೊರಬಂದ ಈ ಸ್ತೂಪವನ್ನು ಅಲ್ಲಿಯ ಶಾಸನಗಳು ಅಧೋಲೋಕ ಮಹಾಚೈತ್ಯ ಎಂದು ಕರೆಯುತ್ತವೆ. ಸ್ತೂಪಕ್ಕೆ ಹೊದಿಸಿದ್ದ ಆಳೆತ್ತರದ ಚಪ್ಪಡಿಗಳೆಲ್ಲ ಭೀಮಾ ಕೊಳ್ಳದ ಸುಣ್ಣಕಲ್ಲಿನವು. ನಮ್ಮ ಪಡಸಾಲೆಯ ಶಹಾಬಾದಿ ಫರಸಿಗೆ ನೆಂಟನಾಗಬೇಕು ಈ ಕಲ್ಲು! ನಾವು ದಿನಾ ಒರೆಸಿ ತುಳಿಯುವಂಥ ಕಲ್ಲಿನಲ್ಲಿ ಉಗುರಿನಷ್ಟು ಮುಖಗಳನ್ನು ಬಿಡಿಸಿದ ಕೈಗಳನ್ನು ನೆನೆದು ನಾನು ಸುಮ್ಮನೆ ನಿಂತೆ.

ಎಲ್ಲರಿಗೂ ಬೇಕಾದದ್ದು ಒಂದೇ ಚಪ್ಪಡಿ. ರಾಜ, ರಾಣಿ, ಚಾಮರ ಮತ್ತು ಕೊಡೆ ಹಿಡಿದ ಸೇವಕಿಯರು, ಜೊತೆಗೆ ಪ್ರಾಚೀನ ಬ್ರಾಹ್ಮಿ ಲಿಪಿಯಲ್ಲಿ ಐದು ಅಕ್ಷರ: ರಾಯೋ ಅಸೋಕೋ, ಅಂದರೆ ರಾಜ ಅಶೋಕ. ಅಶೋಕನೆಂದು ಹೆಸರು ಕೊರೆದು ಹೇಳುವ ಶಿಲ್ಪ ಮೊದಲು ಸಿಕ್ಕಿದ್ದು ಇಲ್ಲಿಯೇ. ಅವನು ತೀರಿಕೊಂಡು ಶತಮಾನಗಳು ಕಳೆದ ಮೇಲೆ ಶಾತವಾಹನರ ಕಾಲದಲ್ಲಿ ಕಡೆದದ್ದಾದ್ದರಿಂದ ಇದು ಅವನ ಮುಖವಲ್ಲ, ಅವನ ಬಗ್ಗೆ ಜನರಿಗಿದ್ದ ನೆನಪು. ಸೆಲ್ಫಿಯವರು ಸರಿಯಲೆಂದು ಇಪ್ಪತ್ತು ನಿಮಿಷ ಕಾದೆ. ಅಷ್ಟರಲ್ಲಿ ಪಕ್ಕದ ಮನೆಯ ನಾಲ್ಕನೇ ತರಗತಿಯ ಹುಡುಗಿ ನುಸುಳಿ ಮುಂದೆ ಹೋಗಿ, ಕೊನೆಯ ಅಕ್ಷರದಲ್ಲಿ ಕೂಡಿಸುವ ಚಿಹ್ನೆ ಇದೆ ಎಂದು ಕೂಗಿದಳು. ಬ್ರಾಹ್ಮಿಯ ಕಕಾರವೇ ಹಾಗಲ್ಲವೇ! ಅಷ್ಟು ಜನರಲ್ಲಿ ಆ ಅಕ್ಷರವನ್ನು ನಿಜವಾಗಿ ಕಂಡವಳು ಅವಳೊಬ್ಬಳೇ ಎಂದು ನನ್ನ ಅನುಮಾನ.

ಜನರ ಕಾಟಕ್ಕೆ ಬೇಸತ್ತು ಬದಿಯ ಚಪ್ಪಡಿಗಳ ಕಡೆಗೆ ಸರಿದಾಗ ನನ್ನ ತಕರಾರು ಹುಟ್ಟಿತು. ಆ ಕಲ್ಲುಗಳಲ್ಲಿಯೂ ಜಂಗುಳಿಯೇ ಇದೆ. ಸ್ತೂಪದ ಸುತ್ತ ಕೈಮುಗಿದವರು ಹೆಗಲಿಗೆ ಹೆಗಲು ಒತ್ತಿ ನಿಂತಿದ್ದಾರೆ. ಶಾತವಾಹನರ ಸಾತಕಣಿ ರಾಜ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಒಪ್ಪಿಸುತ್ತಿದ್ದಾನೆಂದು ಒಂದು ಶಿಲ್ಪದ ಬರಹ ಹೇಳುತ್ತದೆ. ಕಲ್ಲು ಕೊಟ್ಟ ದಾನಿಗಳೂ ತಮ್ಮ ಹೆಸರನ್ನು ಬಿಡದೆ ಕೆತ್ತಿಸಿಕೊಂಡಿದ್ದಾರೆ, ಇಂದು ಗುಡಿಯ ಫರಸಿಯ ಮೇಲೆ ಕೆತ್ತಿಸಿಕೊಳ್ಳುವ ಹಾಗೆಯೇ. ಬರಿದಾದ ಆಸನದ ಎದುರು ಭಕ್ತರು ಬಾಗಿದ್ದ ಒಂದು ಚಪ್ಪಡಿಯ ಮುಂದೆ ಅದೇ ಹುಡುಗಿ, "ಎಲ್ಲಾರೂ ಬಂದಾರ, ಬುದ್ಧನ ಇಲ್ಲಲ್ಲ?" ಎಂದಳು. ಹಳೆಯ ಶಿಲ್ಪಿಗಳು ಬುದ್ಧನನ್ನು ಕಡೆಯದೆ ಆಸನ, ಪಾದ, ಬೋಧಿವೃಕ್ಷಗಳಿಂದಲೇ ಸೂಚಿಸುತ್ತಿದ್ದರು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಅದೇ ಊರಿನಲ್ಲಿ ಮುಂದಿನ ಕಾಲದ ಬುದ್ಧನ ಮೂರ್ತಿಗಳೂ ಸಿಕ್ಕಿವೆ ಎಂದು ತಿಳಿದ ಮೇಲೆಯೇ ಟೆಂಪೊ ಹತ್ತಿದಳು.

ನಿರ್ಜನವಾದ ಹೊತ್ತಿನಲ್ಲಿ ಹೋಗಿದ್ದರೆ ಆ ಕಲ್ಲುಗಳನ್ನು ಬರಿಯ ಕಲೆಯೆಂದು ನೋಡಿ ಬರುತ್ತಿದ್ದೆ. ಸ್ತೂಪದ ಸುತ್ತ ನೂಕುನುಗ್ಗಲು ಕಂಡದ್ದರಿಂದಲೇ ಅದು ಊರೂರಿನವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ಜಾಗವೆಂದು ಹೊಳೆಯಿತು. ನಮ್ಮ ಬುತ್ತಿ ಶಹಾಪುರದಲ್ಲಿ ಉಳಿದದ್ದು ಬೇರೆ ಮಾತು.

ನೀನು ದೀಪಾವಳಿಗೆ ಬಂದಾಗ ಡಂಬಳಕ್ಕೆ ಹೋಗೋಣ. 1095ರಲ್ಲಿಯೂ ಅಲ್ಲಿ ಹದಿನಾರು ಸೆಟ್ಟಿಯರು ಕಟ್ಟಿಸಿದ ಬುದ್ಧವಿಹಾರವಿತ್ತು, ಬೌದ್ಧರ ತಾರಾದೇವಿಗೆ ಪೂಜೆಯಿತ್ತು ಎಂದು ಶಾಸನವಿದೆ. ಇಷ್ಟು ವರ್ಷ ಗದಗಿನಲ್ಲಿದ್ದೂ ನಾನು ದೊಡ್ಡಬಸಪ್ಪನ ಗುಡಿ ಮತ್ತು ಕೆರೆ ನೋಡಿಕೊಂಡು ತಿರುಗಿ ಬಂದವನೇ. ಬೇಕಾದರೆ ಭಾನುವಾರವೇ ಹೋಗೋಣ. ಬುತ್ತಿಯ ಗಂಟನ್ನು ಮಾತ್ರ ನೀನೇ ಹಿಡಿದುಕೊಳ್ಳಬೇಕು.

ನಿನ್ನ,
ಹಳೆಯ ಗೆಳೆಯ