ಇನ್ನು ಮೇಲೆ ಪೊಟ್ಟಣದ ಮೇಲೆ ‘20 ವರ್ಷ ಹಳೆಯದು’ ಅಂತ ಇರುವುದಿಲ್ಲ

ನಮಸ್ಕಾರ,

ಈ ತಿಂಗಳಿಂದ ನಮ್ಮ ಪು-ಅರ್ ಟೀ (ವರ್ಷಗಟ್ಟಲೆ ಇಟ್ಟು ಮಾಗಿಸುವ ಚೀನಾದ ಟೀ) ಪೊಟ್ಟಣಗಳ ಮೇಲೆ ಟೀಯ ವಯಸ್ಸು ಬರೆಯುವುದನ್ನು ನಿಲ್ಲಿಸಿದ್ದೇವೆ. ಕಾರಣ ನೇರವಾಗಿ ಹೇಳಿಬಿಡುತ್ತೇವೆ. ಮಾಲು ಕಳಿಸುವ ವ್ಯಾಪಾರಿ ಹೇಳಿದ್ದನ್ನೇ ನಾವು ಚೀಟಿಗೆ ಹಾಕುತ್ತಿದ್ದೆವು. ಮೊನ್ನೆ ಒಬ್ಬರು ಅಂಗಡಿಗೆ ಬಂದು, "20 ವರ್ಷ ಅಂತ ನಿಮಗೆ ಹೇಗೆ ಗೊತ್ತು?" ಅಂತ ಕೇಳಿದರು. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ತಪ್ಪು ನಮ್ಮದೇ, ಕ್ಷಮಿಸಿ.

ಕಪ್ಪಗಿದ್ದರೆ ಹಳೆಯದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಳೆ ಹುಣಸೆಹಣ್ಣು ಕಪ್ಪಾಗುತ್ತದಲ್ಲ, ಹಾಗೆ. ಆದರೆ ಚೀನಾದ ಯುನ್ನಾನ್‌ನಲ್ಲಿ ದೊಡ್ಡ ಎಲೆಯ ಗಿಡದಿಂದ ಮಾಡುವ ಈ ಟೀಯಲ್ಲಿ ಎರಡು ಬಗೆ ಇದೆ. ಶೆಂಗ್ ಅಂದರೆ ಹಸಿ: ಬಿಸಿಲಲ್ಲಿ ಒಣಗಿಸಿದ ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಿಲ್ಲೆ ಒತ್ತುತ್ತಾರೆ, ಅದು ವರ್ಷಗಟ್ಟಲೆ ತಾನಾಗಿಯೇ ಮಾಗುತ್ತದೆ. ಶು ಅಂದರೆ ಮಾಗಿಸಿದ್ದು. 1973ರಲ್ಲಿ ಕುನ್ಮಿಂಗ್ ಟೀ ಕಾರ್ಖಾನೆಯಲ್ಲಿ ರೂಪಿಸಿದ ವಿಧಾನ ಇದು: ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮೇಲೆ ಹೊದಿಸಿ, ಆಗಾಗ ಮಗುಚುತ್ತಾ ಒಂದೂವರೆ-ಎರಡು ತಿಂಗಳು ಬಿಡುತ್ತಾರೆ, ರಾಶಿಯೊಳಗೇ ಕಾವು ಏರಿ ಎಲೆ ಕಪ್ಪಾಗುತ್ತದೆ. ಹೋದ ವರ್ಷದ ಶು ಕೂಡ ಕಾಫಿ ಡಿಕಾಕ್ಷನ್‌ನಷ್ಟೇ ಕಪ್ಪು! ಬಣ್ಣ ನೋಡಿ ವಯಸ್ಸು ಹೇಳುವುದು ಹೇಗೆ?

ಎಲೆ ಮಾತ್ರ ಸ್ವಲ್ಪ ಹೇಳುತ್ತದೆ. ಟೀ ಕುಡಿದಾದ ಮೇಲೆ ನೆಂದ ಎಲೆಯನ್ನು ಬೆರಳಲ್ಲಿ ಬಿಡಿಸಿ ನೋಡಿ. ಎಳೆಯ ಶೆಂಗ್ ಆದರೆ ಹಸಿರು ಇನ್ನೂ ಕಾಣುತ್ತದೆ, ಹಳೆಯದಾದರೆ ಕಂದು, ಆದರೂ ಎಲೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಶು ಎಲೆ ಕಪ್ಪಗೆ, ಮುದುಡಿಕೊಂಡೇ ಇರುತ್ತದೆ.

ಇನ್ನು ಮುಂದೆ ಚೀಟಿಯಲ್ಲಿ ಶೆಂಗೋ ಶುವೋ ಅಂತ ದೊಡ್ಡದಾಗಿ ಇರುತ್ತದೆ. ಬಿಲ್ಲೆ ಸುತ್ತಿದ ಕಾಗದದ ಮೇಲೆ ದಿನಾಂಕ ಇದ್ದರೆ ಅದನ್ನು ‘ಕಾಗದದ ಮೇಲಿರುವ ದಿನಾಂಕ’ ಅಂತಲೇ ಹಾಕುತ್ತೇವೆ, ಯಾಕೆಂದರೆ ನಕಲಿ ಕಾಗದವೂ ಮಾರುಕಟ್ಟೆಯಲ್ಲಿದೆ. ಅದರ ಕೆಳಗೆ ನಮ್ಮ ಕೈಗೆ ಬಂದ ತಿಂಗಳು, ವರ್ಷ. ಅಷ್ಟಕ್ಕೆ ನಾವು ಜವಾಬ್ದಾರರು. ಚೀನಾದ್ದೇ ಆದ ಗುವಾಂಗ್ಸಿಯ ಲಿಯು ಬಾವೊ ಎಂಬ ಬೇರೆ ಟೀಯನ್ನು ಇಷ್ಟು ದಿನ ಪು-ಅರ್ ಜೊತೆಗೇ ಇಟ್ಟಿದ್ದೆವು, ಅದಕ್ಕೂ ಬೇರೆ ಸಾಲು ಮಾಡಿದ್ದೇವೆ. ಹಿಂದೆ ಮಲೇಷ್ಯಾದ ತವರದ ಗಣಿಗಳಲ್ಲಿ ದುಡಿದ ಚೀನೀ ಕೂಲಿಗಳು ಕುಡಿಯುತ್ತಿದ್ದದ್ದು ಇದನ್ನೇ. ರುಚಿ ನೋಡಿ, ನಮಗಂತೂ ತುಂಬಾ ಇಷ್ಟ.

357 ಗ್ರಾಂ ಬಿಲ್ಲೆ ಇಡಿಯಾಗಿ ಕೊಂಡವರು ಕಾಗದ ಬಿಸಾಡಬೇಡಿ. ಬಿಲ್ಲೆಯನ್ನು ಸಾರಿನ ಪುಡಿ ಡಬ್ಬಿಯ ಪಕ್ಕ ಇಡಬೇಡಿ, ವಾಸನೆ ಬೇಗ ಹಿಡಿಯುತ್ತದೆ.

ಹಳೆ ಚೀಟಿಯ ಪೊಟ್ಟಣ ನಿಮ್ಮ ಹತ್ತಿರ ಇದ್ದರೆ, ಒಡೆದಿದ್ದರೂ ಸರಿ, ತನ್ನಿ. ಪೂರ್ತಿ ದುಡ್ಡು ವಾಪಸ್ ಕೊಡುತ್ತೇವೆ.