ಏಳನೇ ಪಕ್ಕೆಲುಬು

ಹೈಡೆಲ್‌ಬರ್ಗ್, ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಾಜಿಯವರಿಗೆ ಮಗಳ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಫೋನ್ ಇರುವಾಗ ಕಾಗದ ಯಾಕೆ ಅಂತೀರಿ. ವಿಡಿಯೊ ಕಾಲ್ ಮಾಡಿದರೆ ಅವ್ವ ನಿಮ್ಮ ಹೆಗಲ ಮೇಲಿಂದ ಇಣುಕ್ತಿರ್ತಾಳೆ. ನೀವು "ಏನಿಲ್ಲ ಬಿಡವ್ವ, ಆರಾಮಿದೀನಿ" ಅಂದು ಫೋನ್ ಅವಳ ಕೈಗೆ ದಾಟಿಸಿಬಿಡ್ತೀರಿ. ಅದಕ್ಕೇ ಬರೆದು, ಫೋಟೊ ತೆಗೆದು ತಮ್ಮನಿಗೆ ಕಳಿಸ್ತಿದೀನಿ. ಪ್ರಿಂಟ್ ಹಾಕಿಸಿ ನಿಮ್ಮ ಕೈಗೇ ಕೊಡು ಅಂದಿದೀನಿ. ಪ್ರಾಸ್ಟೇಟ್, ಅಂದರೆ ಗಂಡಸರಿಗೆ ಮೂತ್ರಕೋಶದ ಕೆಳಗಿರೋ ಗ್ರಂಥಿ, ಅದರ ವಿಷಯ ಮಗಳ ಹತ್ತಿರ ಮಾತಾಡೋಕೆ ನಿಮಗೆ ಸಂಕೋಚ. ಆದರೆ ನಿಮ್ಮ ವಯಸ್ಸಿನವರನ್ನು ನಿಮಗೆ ಮಾಡಿದಂಥದೇ ಪೆಟ್-ಸಿಟಿ ಸ್ಕ್ಯಾನರ್ ಮೇಲೆ ಮಲಗಿಸೋದೇ ನನ್ನ ದಿನದ ಕೆಲಸ ಅಪ್ಪಾಜಿ, ನನಗೆ ಸಂಕೋಚವಿಲ್ಲ.

ನಿಮ್ಮ ಸ್ಕ್ಯಾನ್ ರಿಪೋರ್ಟನ್ನು ಮೂರು ಸಲ ಓದಿದೆ. ಗ್ರಂಥಿಯಲ್ಲಿ ಕ್ಯಾನ್ಸರ್ ಗೆಡ್ಡೆ ಇರೋದು ನಿಜ, ಸೂಜಿ ಚುಚ್ಚಿ ಚೂರು ತೆಗೆದು ನೋಡಿದ ಬಯಾಪ್ಸಿಯೇ ಹೇಳಿದೆ. ಅದರಲ್ಲಿ ಅನುಮಾನ ಬೇಡ. ಮನೆಮಂದಿಯ ನಿದ್ದೆ ಕೆಡಿಸಿರೋದು ಕೊನೆಯ ಸಾಲು: ಎಡಗಡೆ ಏಳನೇ ಪಕ್ಕೆಲುಬಿನಲ್ಲಿ ಮಂದವಾಗಿ ಹೊಳೆಯೋ ಒಂದು ಚುಕ್ಕೆ. ಆ ಒಂದು ಚುಕ್ಕೆ ನೋಡಿ ಮೂಳೆಗೆ ಹಬ್ಬಿದೆ, ನಾಲ್ಕನೇ ಹಂತ ಅಂತ ಯಾರೋ ಅಂದರಂತೆ. ಅವ್ವ ದುಗ್ಗಮ್ಮನಿಗೆ ಹರಕೆಯನ್ನೂ ಹೊತ್ತಾಯ್ತಂತೆ.

ಈಗ ನೇರವಾಗಿ ಕೇಳ್ತೀನಿ, ಬೈಬೇಡಿ. ಕಾರ್ತೀಕದಲ್ಲಿ ಗದ್ದೆಗೆ ಹೋಗುವಾಗ ಚಾನಲ್ ಏರಿ ಮೇಲೆ ಗಾಡಿ ಜಾರಿ ಬಿದ್ದಿದ್ದನ್ನ ಡಾಕ್ಟರಿಗೆ ಹೇಳಿದ್ರಾ? ನನಗೆ ಹೆಂಗೆ ಗೊತ್ತು ಅಂದರೆ, ಗಾಡಿಯ ಹ್ಯಾಂಡಲ್ ಸೊಟ್ಟಗಾಗಿದ್ದನ್ನ ತಮ್ಮ ಆವತ್ತೇ ನೋಡಿದ್ದ. ಎರಡು ವಾರ ನೀವು ಬಲಮಗ್ಗುಲಿಗೇ ಮಲಗಿದ್ದು, ಕೋಣೆ ತುಂಬಾ ಅಮೃತಾಂಜನದ ವಾಸನೆ, ಇದನ್ನೂ ಹೇಳಿದ. ಅವ್ವ ಮಾತ್ರ ಗ್ಯಾಸ್ ಅಂದುಕೊಂಡು ಅಜವಾನದ ನೀರು ಕುಡಿಸ್ತಿದ್ಲು, ನೀವೂ ಸುಮ್ಮನೆ ಕುಡೀತಿದ್ರಿ!

ಸ್ಕ್ಯಾನಿಗೆ ಮುಂಚೆ ನಿಮಗೆ ಕೊಟ್ಟ ವಿಕಿರಣದ ಇಂಜೆಕ್ಷನ್ ಪಿಎಸ್‌ಎಂಎ-1007. ಪಿಎಸ್‌ಎಂಎ ಅನ್ನೋದು ಜೀವಕೋಶಗಳ ಮೇಲಿರೋ ಒಂದು ಪ್ರೋಟೀನು, ಔಷಧ ಅದಕ್ಕೆ ಅಂಟಿಕೊಂಡ ಜಾಗ ಚಿತ್ರದಲ್ಲಿ ಹೊಳೆಯುತ್ತೆ. ಅದನ್ನು ಮೊದಲು ತಯಾರಿಸಿದ್ದು ನಾನಿರೋ ಈ ಊರಿನಲ್ಲೇ. ಪಿಎಸ್‌ಎಂಎ ಅನ್ನೋ ಹೆಸರಿನಲ್ಲಿ ಪ್ರಾಸ್ಟೇಟ್ ಇದೆ, ಪ್ರಾಸ್ಟೇಟಿಗೇ ಮೀಸಲು ಅನ್ನೋ ಅರ್ಥವೂ ಇದೆ, ಆದರೆ ಹೆಸರು ಸುಳ್ಳು. ಜೊಲ್ಲಿನ ಗ್ರಂಥಿ, ಕಣ್ಣೀರಿನ ಗ್ರಂಥಿ, ಕಿಡ್ನಿ, ಸಣ್ಣಕರುಳು ಎಲ್ಲರಲ್ಲೂ ಹೊಳೀತವೆ. ಕೂಡಿಕೊಳ್ತಿರೋ ಮೂಳೆಯೂ ಹೊಳೆಯುತ್ತೆ, ಯಾಕಂದರೆ ಅಲ್ಲಿ ಹೊಸ ರಕ್ತನಾಳ ಬೆಳೀತಿರ್ತವೆ. ಇದೇ ಸ್ಕ್ಯಾನಿಗೆ ಕೊಡೋ ಹಳೇ ಗ್ಯಾಲಿಯಂ ಇಂಜೆಕ್ಷನ್ ಮೂತ್ರದಲ್ಲಿ ಹೋಗುತ್ತಿತ್ತು, ಮೂತ್ರಕೋಶ ದೀಪದ ಹಾಗೆ ಉರಿದು ಪಕ್ಕದ್ದನ್ನೆಲ್ಲ ಮುಚ್ಚಿಹಾಕ್ತಿತ್ತು. ಈ 1007 ಹೆಚ್ಚಾಗಿ ಪಿತ್ತದ ದಾರಿ ಹಿಡಿಯೋದರಿಂದ ಆ ಕಾಟ ಕಡಿಮೆ. ಬದಲಿಗೆ ಇದರದೇ ಒಂದು ಚಾಳಿ ಇದೆ: ಏನೂ ಕಾರಣವಿಲ್ಲದೆ ಮೂಳೆಯಲ್ಲಿ, ಅದರಲ್ಲೂ ಪಕ್ಕೆಲುಬಿನಲ್ಲಿ, ಮಂದ ಚುಕ್ಕೆ ತೋರಿಸೋದು. ಒಂಟಿ ಚುಕ್ಕೆ, ಹೊಳಪೂ ಕಡಿಮೆ ಅಂದರೆ ಬಹಳಷ್ಟು ಸಲ ಅದು ಕ್ಯಾನ್ಸರ್ ಆಗಿರಲ್ಲ.

ನಾನೂ ಮೋಸ ಹೋಗಿದೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಹೊಟ್ಟೆಯ ಹಿಂಭಾಗ, ಬೆನ್ನುಮೂಳೆ ಪಕ್ಕ, ಉದ್ದುದ್ದಕ್ಕೆ ಹೊಳೆಯೋದನ್ನ ಕಂಡು, "ಅಯ್ಯೋ, ಇವರಿಗೆ ಅಲ್ಲಿವರೆಗೂ ಹಬ್ಬಿದೆ" ಅಂತ ಮನಸ್ಸಿನಲ್ಲೇ ಮರುಗಿದೆ. ಹಿರಿಯ ಡಾಕ್ಟರಮ್ಮ ನಕ್ಕು, ಅದು ನರದ ಗಂಟು, ನಿನಗೂ ಇದೆ ನನಗೂ ಇದೆ ಅಂದರು. ಅವತ್ತಿನಿಂದ ಬಾಯಿ ಬಿಗಿಹಿಡಿದಿದೀನಿ.

ಅದಕ್ಕೇ ನಿಮ್ಮದು ಏನೂ ಅಲ್ಲ ಅಂತ ನಾನು ಹೇಳ್ತಿಲ್ಲ. ನಾನು ಸ್ಕ್ಯಾನ್ ಮಾಡೋಳು, ಚಿತ್ರ ನೋಡಿ ರೋಗ ಹೇಳೋಳಲ್ಲ. ನಾಲ್ಕನೇ ಹಂತ ಅಂತ ಬರೆದುಬಿಟ್ಟರೆ ಪೂರ್ತಿ ಗುಣಮಾಡೋ ಆಪರೇಷನ್ನೋ ರೇಡಿಯೇಷನ್ನೋ ಕೈಬಿಟ್ಟು ಬರೀ ಹಾರ್ಮೋನ್ ಇಂಜೆಕ್ಷನ್ನಿಗೆ ಇಳಿಯಬಹುದು. ಒಂದು ಸುಳ್ಳು ಚುಕ್ಕೆಗಾಗಿ ಅಷ್ಟು ದೊಡ್ಡ ಅವಕಾಶ ಹೋಗಬಾರದು ಅನ್ನೋದೇ ನನ್ನ ಸಂಕಟ. ಸೋಮವಾರ ಹೋದಾಗ ಬಿದ್ದ ದಿನ, ನೋವಿದ್ದ ಜಾಗ ಎರಡನ್ನೂ ಹೇಳಿ. ಅದೇ ಸ್ಕ್ಯಾನಿನ ಸಿಟಿ ಚಿತ್ರದಲ್ಲಿ ಆ ಪಕ್ಕೆಲುಬಿಗೆ ಬಿರುಕಿನ ಗುರುತು ಇದೆಯಾ ಅಂತ ಇನ್ನೊಮ್ಮೆ ನೋಡಿಸಿ. ಅನುಮಾನ ಉಳಿದರೆ ಆ ಜಾಗದ ಎಂಆರ್‌ಐ ಇದೆ, ಅದಕ್ಕೂ ಬಗೆಹರಿಯದಿದ್ದರೆ ಅಲ್ಲಿಂದಲೇ ಚೂರು ತೆಗೆದು ನೋಡೋದಿದೆ. ಸಿ.ಡಿ. ತಗೊಂಡು ಹೋಗಿ, ಬರೀ ಕಾಗದ ಸಾಲದು.

ಇನ್ನೊಂದು. ಪ್ರಾಸ್ಟೇಟಿನ ಎಂಆರ್‌ಐ ಮಾಡಿದ್ದು ಬಯಾಪ್ಸಿ ಆದ ಹನ್ನೆರಡನೇ ದಿನಕ್ಕೆ. ಯಾರು ಅವಸರ ಮಾಡಿದರೋ. ಸೂಜಿ ಚುಚ್ಚಿದಲ್ಲಿ ರಕ್ತ ಹೆಪ್ಪುಗಟ್ಟಿ ವಾರಗಟ್ಟಲೆ ನಿಲ್ಲುತ್ತೆ, ಚಿತ್ರದಲ್ಲಿ ಅದೂ ಗೆಡ್ಡೆಯ ಹಾಗೇ ಕಪ್ಪಗೆ ಕಾಣಬಹುದು. ಆರು ವಾರವಾದರೂ ಬಿಡೋದು ವಾಡಿಕೆ. ಗ್ರಂಥಿಯ "ಎರಡೂ ಕಡೆ ಇದೆ" ಅಂತ ಆ ಎಂಆರ್‌ಐ ರಿಪೋರ್ಟಿನಲ್ಲಿರೋ ಮಾತಿಗೆ ಇದೂ ಕಾರಣವಿರಬಹುದಾ ಅಂತ ಕೇಳಿ.

ದೊಡ್ಡಪ್ಪನಿಗೂ ತಿಳಿಸಿ. ಅವರು ವರ್ಷಗಟ್ಟಲೆ ನುಂಗ್ತಿರೋ ಫಿನಾಸ್ಟರೈಡ್ ಮಾತ್ರೆ, ಪ್ರಾಸ್ಟೇಟ್ ತೊಂದರೆ ಹಿಡಿಯೋಕೆ ರಕ್ತದಲ್ಲಿ ನೋಡೋ ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತೆ. "ನನ್ನದು ಬರೀ 3" ಅಂತ ಮೀಸೆ ತಿರುವೋದು ಬೇಡ, ಡಾಕ್ಟರಿಗೆ ಮಾತ್ರೆ ತೋರಿಸಲಿ.

ಮತ್ತೆ, ಮೊಮ್ಮಗಳನ್ನು ಇನ್ನೂ ಹತ್ತಿರ ಬಿಟ್ಟುಕೊಳ್ತಿಲ್ಲವಂತೆ? ಆ ಔಷಧದ ವಿಕಿರಣ 110 ನಿಮಿಷಕ್ಕೊಮ್ಮೆ ಅರ್ಧ ಆಗ್ತಾ ಹೋಗುತ್ತೆ, ಮಾರನೇ ದಿನಕ್ಕೇ ಮುಗಿದ ಕಥೆ. ನೀವು ಸ್ಕ್ಯಾನ್ ಮಾಡಿಸಿ ಒಂಬತ್ತು ದಿನ ಆಯ್ತು. ಎತ್ತಿಕೊಳ್ಳಿ, ಬೆಣ್ಣೆದೋಸೆ ತಿನ್ನಿಸಿಕೊಂಡು ಬನ್ನಿ.

ಬಿದ್ದ ವಿಷಯ ಅವ್ವನಿಗೆ ನೀವೇ ಹೇಳಿದರೆ ವಾಸಿ. ಸೋಮವಾರ ಡಾಕ್ಟರ ಮುಂದೆ ಕೇಳಿದಳು ಅಂದರೆ, ಗಾಡಿ ಕೀಲಿ ಅವತ್ತೇ ಅವಳ ಸೊಂಟಕ್ಕೆ ಹೋಗುತ್ತೆ.

ಇಂತಿ ನಿಮ್ಮ ಮಗಳು